ಕೇಕಿನ ರೆಸಿಪಿಗೆ ಗ್ರಾಂ ಲೆಕ್ಕ ಬರೆಯಿರಿ

ಒಂದು ಕಪ್ ಮೈದಾ ಎಂದರೆ ಎಷ್ಟು? ಅಮೆರಿಕದ ಹಿಟ್ಟಿನ ಕಂಪನಿ ಕಿಂಗ್ ಆರ್ಥರ್ ಪ್ರಕಾರ 120 ಗ್ರಾಂ. ಅದೇ ದೇಶದ ‘ಕುಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಲೆಕ್ಕದಲ್ಲಿ 5 ಔನ್ಸ್, ಅಂದರೆ ಸುಮಾರು 142 ಗ್ರಾಂ. ಮೂರು ಕಪ್ ಹಿಟ್ಟು ಬೇಡುವ ಕೇಕಿನಲ್ಲಿ ಈ ವ್ಯತ್ಯಾಸ 66 ಗ್ರಾಂಗೆ ಏರುತ್ತದೆ. ಅರ್ಧ ಕಪ್ ಹಿಟ್ಟು ಹೆಚ್ಚಿಗೆ ಬಿದ್ದಂತೆ. ಇಬ್ಬರ ಲೆಕ್ಕವೂ ಸರಿಯೇ. ಒಬ್ಬರು ಹಿಟ್ಟನ್ನು ಚಮಚದಲ್ಲಿ ಹಗುರಾಗಿ ಉದುರಿಸಿ ಕಪ್ ತುಂಬುತ್ತಾರೆ, ಇನ್ನೊಬ್ಬರು ಕಪ್ಪನ್ನೇ ಡಬ್ಬಿಗೆ ಹಾಕಿ ಬಾಚುತ್ತಾರೆ.

ಕಪ್ಪಾದರೂ ಎಲ್ಲೆಡೆ ಒಂದೇ ಇದೆಯೇ? ಅಮೆರಿಕದ್ದು ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ್ದು 250, ಜಪಾನಿನದು 200. ನಮ್ಮ ಅಡುಗೆ ಪುಟಗಳಲ್ಲಿ, ವಿಡಿಯೊಗಳಲ್ಲಿ ಬರುವ ಕೇಕಿನ ರೆಸಿಪಿಗಳು ‘ಒಂದು ಕಪ್’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತವೆ. ಓದಿದವರು ಕೈಗೆ ಸಿಕ್ಕ ಲೋಟ ತೆಗೆದುಕೊಳ್ಳುತ್ತಾರೆ. ಕೇಕ್ ಗಟ್ಟಿಯಾದರೆ ತಮ್ಮ ಕೈಗುಣವನ್ನೇ ಹಳಿದುಕೊಳ್ಳುತ್ತಾರೆ. ಇದು ಅನ್ಯಾಯ.

ಇಡ್ಲಿಗೆ ಈ ತಾಪತ್ರಯವಿಲ್ಲ. ಉದ್ದನ್ನು ಅಳೆದ ಪಾವಿನಲ್ಲೇ ಅಕ್ಕಿಯನ್ನೂ ಅಳೆದರಾಯಿತು; ಪಾವು ಚಿಕ್ಕದಾದರೂ ದೊಡ್ಡದಾದರೂ ಪ್ರಮಾಣ ಕೆಡುವುದಿಲ್ಲ. ಕಾಳನ್ನು ಎಷ್ಟು ಅದುಮಿದರೂ ಹಿಟ್ಟಿನಷ್ಟು ಕುಗ್ಗುವುದೂ ಇಲ್ಲ. ಕೇಕಿನಲ್ಲಿ ಹಾಗಲ್ಲ. ಬೆಣ್ಣೆ 100 ಗ್ರಾಂ ಪೊಟ್ಟಣದಲ್ಲಿ ಬರುತ್ತದೆ, ಮೊಟ್ಟೆ ಎಣಿಕೆಯಲ್ಲಿ, ಹಿಟ್ಟು ಮಾತ್ರ ಕಪ್ಪಿನಲ್ಲಿ. ಕಪ್ ದೊಡ್ಡದಾಯಿತೆಂದು ಮೊಟ್ಟೆ ದೊಡ್ಡದಾಗುವುದಿಲ್ಲವಲ್ಲ! ಮೂರು ಬಗೆಯ ಅಳತೆಗಳು ಒಂದೇ ಪಾತ್ರೆಯಲ್ಲಿ ಸೇರಿದಾಗ ಪ್ರಮಾಣ ತಪ್ಪುವುದು ಸಹಜ.

ಅಮೆರಿಕವೂ ಮೊದಲಿನಿಂದ ಕಪ್ಪನ್ನೇ ನೆಚ್ಚಿಕೊಂಡಿರಲಿಲ್ಲ. 1796ರಲ್ಲಿ ಅಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದಲ್ಲಿ ಪೌಂಡ್ ಕೇಕಿಗೆ ಸಕ್ಕರೆ, ಬೆಣ್ಣೆ, ಹಿಟ್ಟು ಒಂದೊಂದು ಪೌಂಡ್. ನೂರು ವರ್ಷಗಳ ನಂತರ, 1896ರಲ್ಲಿ, ಬಾಸ್ಟನ್ನಿನ ಫ್ಯಾನಿ ಫಾರ್ಮರ್ ತಮ್ಮ ಪುಸ್ತಕದಲ್ಲಿ ಕಪ್ಪನ್ನೂ ಚಮಚವನ್ನೂ ಅಂಚಿಗೆ ಸಮವಾಗಿ ಸವರಿ ಅಳೆಯಬೇಕೆಂದು ಕಟ್ಟುನಿಟ್ಟಾಗಿ ಬರೆದರು. ಕೈಯಂದಾಜೇ ನಡೆಯುತ್ತಿದ್ದ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಕೆಲವು ನೂರು ರೂಪಾಯಿಗೆ ಡಿಜಿಟಲ್ ತಕ್ಕಡಿ ಸಿಗುವ ಈ ಕಾಲದಲ್ಲೂ ಅಲ್ಲೇ ನಿಲ್ಲಬೇಕಾಗಿಲ್ಲ. ಬೇಕರಿಯವರು ತೂಕವನ್ನೇ ನಂಬುತ್ತಾರೆ: ಹಿಟ್ಟನ್ನು 100 ಎಂದು ಹಿಡಿದು, ನೀರು, ಉಪ್ಪು, ಯೀಸ್ಟ್ ಎಲ್ಲವನ್ನೂ ಅದರ ಶೇಕಡಾವಾರು ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ.

ಹಳೆಯ ರೆಸಿಪಿಯನ್ನು ತೂಕಕ್ಕೆ ತರುವಾಗ ಸಿದ್ಧ ಪಟ್ಟಿಯೊಂದನ್ನೇ ನೆಚ್ಚಿಕೊಂಡರೆ ಸಾಲದು. 120ರಿಂದ 142ರವರೆಗಿನ ಗೊಂದಲ ಅಲ್ಲಿಯೂ ಕಾಡುತ್ತದೆ. ಚೆನ್ನಾಗಿ ಬರುವ ಕೇಕನ್ನು ಮುಂದಿನ ಸಲ ಮಾಡುವಾಗ, ಎಂದಿನಂತೆ ಕಪ್ಪಿನಲ್ಲೇ ಅಳೆದು, ಪ್ರತಿಯೊಂದನ್ನೂ ತಕ್ಕಡಿಗೆ ಹಾಕಿ ಗ್ರಾಂ ಬರೆದಿಟ್ಟುಕೊಳ್ಳುವುದೇ ಭದ್ರವಾದ ದಾರಿ. ಮಿ.ಲೀ. ಅನ್ನೇ ಗ್ರಾಂ ಎಂದು ಓದಿಕೊಳ್ಳುವ ತಪ್ಪೂ ಸಾಮಾನ್ಯ. ನೀರಿಗೆ ಅದು ಸರಿ, ಹಾಲಿಗೂ ಹೆಚ್ಚುಕಡಿಮೆ ಸರಿ. ಆದರೆ 240 ಮಿ.ಲೀ. ಅಡುಗೆ ಎಣ್ಣೆ ಸುಮಾರು 220 ಗ್ರಾಂ ತೂಗಿದರೆ, ಅಷ್ಟೇ ಜೇನುತುಪ್ಪ 340 ಗ್ರಾಂ ತೂಗುತ್ತದೆ.

ಅಡುಗೆ ಸೋಡಾ, ಬೇಕಿಂಗ್ ಪೌಡರಿಗೆ ಮಾತ್ರ ಚಮಚವೇ ಇರಲಿ. ಒಂದೊಂದೇ ಗ್ರಾಂ ತೋರಿಸುವ ಮನೆಯ ತಕ್ಕಡಿ ಎರಡು ಮೂರು ಗ್ರಾಂ ಪುಡಿಯನ್ನು ನೆಚ್ಚುವಂತೆ ತೂಗಲಾರದು. ರೆಸಿಪಿ ಬರೆಯುವವರು ಅದನ್ನು ‘5 ಮಿ.ಲೀ. ಚಮಚ, ಅಂಚಿಗೆ ಸಮ’ ಎಂದು ನಮೂದಿಸಿ, ಮೈದಾ, ಸಕ್ಕರೆ, ಬೆಣ್ಣೆ, ಮೊಸರಿನ ಮುಂದೆ ಗ್ರಾಂ ಹಾಕಲಿ. ಕಪ್ ಬೇಕೆನ್ನುವವರಿಗೆ ಆ ಅಂಕಿಯೂ ಪಕ್ಕದಲ್ಲಿರಲಿ, ಎಷ್ಟು ಮಿ.ಲೀ. ಕಪ್ ಎಂಬುದರ ಸಮೇತ.