‘ದಿ ಸ್ಪೇಸ್ ಪೈರೇಟ್ಸ್’: ನೋಡಬೇಕೆ, ದಾಟಿಬಿಡಬೇಕೆ?

1963ರಲ್ಲಿ ಬಿಬಿಸಿಯಲ್ಲಿ ಶುರುವಾದ ‘ಡಾಕ್ಟರ್ ಹೂ’ ವೈಜ್ಞಾನಿಕ ಧಾರಾವಾಹಿಯನ್ನು ಮೊದಲಿನಿಂದ ನೋಡುತ್ತ ಬಂದವರೆಲ್ಲ ಆರನೆಯ ಸೀಸನ್ನಿನಲ್ಲಿ ಒಂದು ಕಡೆ ತಡೆದು ನಿಲ್ಲುತ್ತಾರೆ. ಬಾಹ್ಯಾಕಾಶದ ಕಡಲ್ಗಳ್ಳರ ಕಥೆ ‘ದಿ ಸ್ಪೇಸ್ ಪೈರೇಟ್ಸ್’ ಪ್ರಸಾರವಾದದ್ದು 1969ರ ಮಾರ್ಚ್ 8ರಿಂದ ಏಪ್ರಿಲ್ 12ರವರೆಗಿನ ಆರು ಶನಿವಾರ. ಆರು ಕಂತುಗಳಲ್ಲಿ ಇಂದು ಪೂರ್ತಿ ನೋಡಲು ಸಿಗುವುದು ಎರಡನೆಯದು ಮಾತ್ರ. ಮಿಕ್ಕವುಗಳ ಧ್ವನಿಯಷ್ಟೇ ಇಡಿಯಾಗಿ ಉಳಿದಿದೆ. ಇಷ್ಟಾಗಿಯೂ ಇದನ್ನು ಬಿಡದೆ ನೋಡಬೇಕೆ?

ಪರ: ಬಿಡದೆ ನೋಡಿ, ಕೇಳಿ

ಕಥೆ ಎಳೆದಂತಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನಿಧಾನ ಎಲ್ಲಿಂದ ಬಂತು ಎಂದು ನೋಡಬೇಕು. ಮೊದಲ ಕಂತು ಪ್ರಸಾರವಾದ ಸಂಜೆ ಅಪೊಲೊ 9 ಭೂಮಿಯನ್ನು ಸುತ್ತುತ್ತಿತ್ತು. ಅಪೊಲೊ 8 ಚಂದ್ರನನ್ನು ಸುತ್ತಿ ಬಂದು ಮೂರು ತಿಂಗಳೂ ಆಗಿರಲಿಲ್ಲ. ಕುಬ್ರಿಕ್ ಅವರ ‘2001’ ಚಲನಚಿತ್ರ ಹಿಂದಿನ ವರ್ಷವಷ್ಟೇ ತೆರೆ ಕಂಡಿತ್ತು. ಬಾಹ್ಯಾಕಾಶ ಎಂದರೆ ದೂರ, ಕಾಯುವಿಕೆ, ಇಂಧನದ ಲೆಕ್ಕ ಎಂಬುದು ಜನರಿಗೆ ಆಗ ತಾನೇ ಮನದಟ್ಟಾಗುತ್ತಿತ್ತು. ರಾಬರ್ಟ್ ಹೋಮ್ಸ್ ಬರೆದ ಈ ಕಥೆಯಲ್ಲಿ ಯಾವ ನೌಕೆಯೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಎಲ್ಲಿಗೂ ತಲುಪುವುದಿಲ್ಲ. ಕಳ್ಳರ ಕಣ್ಣು ಆರ್ಗೊನೈಟ್ ಎಂಬ ಲೋಹದ ಮೇಲೆ. ದಾರಿ ತೋರಿಸಲು ಕಟ್ಟಿದ ಬೀಕನ್‌ಗಳನ್ನು ಸಿಡಿಸಿ ತುಂಡುಗಳನ್ನು ಸಾಗಿಸುತ್ತಾರೆ. ಅಂಥದ್ದೊಂದು ತುಂಡಿನೊಳಗೆ ಕಥಾನಾಯಕ ಡಾಕ್ಟರ್, ಅವನ ಸಂಗಡಿಗರಾದ ಜೇಮಿ, ಜೋಯಿ ಸಿಕ್ಕಿಕೊಳ್ಳುತ್ತಾರೆ. ಗಾಳಿ ಕಡಿಮೆಯಾಗುತ್ತಿದೆ, ಅವರು ಬಂದ ನೌಕೆ ಟಾರ್ಡಿಸ್ ಇನ್ನೊಂದು ತುಂಡಿನಲ್ಲಿದೆ. ಇಂಥ ಅಪಾಯವನ್ನು ರಾಕ್ಷಸರಿಲ್ಲದೆ ಕಟ್ಟಿದ್ದಕ್ಕೆ ಹೋಮ್ಸ್‌ಗೆ ಮೆಚ್ಚುಗೆ ಸಲ್ಲಲೇಬೇಕು.

ಎರಡನೆಯ ಕಂತಿನ ನೌಕೆಗಳ ಮಾದರಿಗಳನ್ನು ಗಮನಿಸಿ. ಕಪ್ಪು ಬಿಳುಪಿನಲ್ಲಿ ಅವು ಮೆಲ್ಲಗೆ ತೇಲುವಾಗ ಡಡ್ಲಿ ಸಿಂಪ್ಸನ್ ಅವರ ಸಂಗೀತದಲ್ಲಿ ಪದಗಳಿಲ್ಲದ ಹೆಣ್ಣುದನಿಯ ಆಲಾಪವೊಂದು ಏಳುತ್ತದೆ. ಚಿತ್ರವಿಲ್ಲದ ಕಂತುಗಳಲ್ಲೂ ನಮ್ಮನ್ನು ಕೈಹಿಡಿದು ನಡೆಸುವುದು ಆ ದನಿಯೇ.

ಆ ಧ್ವನಿ ಉಳಿದದ್ದಾದರೂ ಹೇಗೆ? ಟೇಪುಗಳು ದುಬಾರಿ, ಮರುಪ್ರಸಾರಕ್ಕೆ ಬೆಲೆಯಿಲ್ಲ ಎಂದು ಬಿಬಿಸಿ ಹಳೆಯ ಕಾರ್ಯಕ್ರಮಗಳನ್ನು ಅಳಿಸುತ್ತ ಹೋಯಿತು. ಮನೆಯಲ್ಲಿ ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಸಾಮಾನ್ಯ ವೀಕ್ಷಕರು ಇದನ್ನು ಉಳಿಸಿಕೊಟ್ಟರು. ಯಾರೋ ಅಷ್ಟು ಅಕ್ಕರೆಯಿಂದ ಕಾಪಾಡಿದ್ದನ್ನು ಬೇಸರ ಎಂಬ ಒಂದೇ ಕಾರಣಕ್ಕೆ ಪಕ್ಕಕ್ಕೆ ಸರಿಸಲು ನನಗೆ ಮನಸ್ಸು ಬರುವುದಿಲ್ಲ.

ವಿರೋಧ: ದಾಟಿ ಮುಂದೆ ಹೋಗಿ

ಕಾಪಾಡಿದವರ ಋಣ ದೊಡ್ಡದು, ಒಪ್ಪುತ್ತೇನೆ. ಆದರೆ ಅದನ್ನು ತೀರಿಸುವ ಹೊಣೆ ಹೊಸ ನೋಡುಗನ ಹೆಗಲಿಗೆ ಏಕೆ?

ಚಿತ್ರ ಕಳೆದುಹೋಗಿದ್ದರಿಂದ ಕಥೆ ಸಪ್ಪೆ ಅನ್ನಿಸುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಎರಡನೆಯ ಕಂತು ಆ ಅಗುಳು. ಅಲ್ಲಿ ಚಿತ್ರವೂ ಇದೆ, ಧ್ವನಿಯೂ ಇದೆ, ಓಟ ಮಾತ್ರ ಇಲ್ಲ. ಡಾಕ್ಟರ್ ಪಾತ್ರದ ಪ್ಯಾಟ್ರಿಕ್ ಟ್ರೌಟನ್ ಅವರಂಥ ನಟನನ್ನು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಹಾಕಲಾಗಿದೆ, ಇತ್ತ ಕಳ್ಳರ ಬೆನ್ನಟ್ಟಿದ ಜನರಲ್ ಹರ್ಮ್ಯಾಕ್ ಮತ್ತು ಅವನ ಅಧಿಕಾರಿಗಳು ನೌಕೆಯ ಕಂಟ್ರೋಲ್ ರೂಮಿನಲ್ಲಿ ನಿಂತು ನಮಗೆ ಆಗಲೇ ಗೊತ್ತಿರುವುದನ್ನು ಚರ್ಚಿಸುತ್ತಾರೆ. ಅವರು ಅನುಮಾನಿಸುವುದು ಮೈಲೊ ಕ್ಲಾನ್ಸಿಯನ್ನು. ಅಮೆರಿಕದ ಚಿನ್ನ ಹುಡುಕುವ ಮುದುಕರ ಧಾಟಿಯಲ್ಲಿ ಮಾತಾಡುವ ಆ ಗಣಿಗಾರ ನಿರಪರಾಧಿ ಎಂದು ನೋಡುಗನಿಗೆ ತಿಳಿದು ಎಷ್ಟೋ ಹೊತ್ತಾದ ಮೇಲೂ ಅವರ ಅನುಮಾನ ಮುಗಿಯುವುದಿಲ್ಲ. ಒಂದು ಸುಳ್ಳು ಸುಳಿವನ್ನು ಇಷ್ಟು ದೂರ ಎಳೆದರೆ ಕುತೂಹಲ ಎಲ್ಲಿ ಉಳಿದೀತು?

ನನ್ನ ದೊಡ್ಡ ತಕರಾರು ಡಾಕ್ಟರ್ ಬಗ್ಗೆಯೇ. ಮೊದಲ ಕಂತಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಅವನ ಸುಳಿವೇ ಇಲ್ಲ. ಕೊನೆಯ ಕಂತಿನ ಸ್ಟುಡಿಯೊ ಚಿತ್ರೀಕರಣದ ಹೊತ್ತಿಗೆ ಟ್ರೌಟನ್ ಮತ್ತು ಸಂಗಡಿಗರು ಮುಂದಿನ ಕಥೆಯ ಹೊರಾಂಗಣ ಚಿತ್ರೀಕರಣಕ್ಕೆ ಹೋಗಿದ್ದರು. ಹಾಗಾಗಿ ಅಲ್ಲಿ ಬರುವುದು ಅವರ ಮೊದಲೇ ತೆಗೆದಿಟ್ಟ ತುಣುಕುಗಳಷ್ಟೇ. ನಾಯಕನೇ ಅತಿಥಿಯಾದ ಕಥೆಯನ್ನು ಆರು ವಾರ ಹೊತ್ತು ನಡೆಯುವ ಬಲ ಕೇವನ್‌ನಂಥ ಖಳನಿಗೂ ಇಲ್ಲ. ಮ್ಯಾಡಲೀನ್ ಇಸ್ಸಿಗ್ರಿಯಲ್ಲಿ ಆ ಬಲವಿತ್ತು: ಗಣಿ ಕಂಪನಿಯ ಒಡತಿ, ಕಳ್ಳರ ಪಾಲುದಾರಳು, ಸತ್ತನೆಂದು ನಂಬಿದ ಅಪ್ಪ ಅದೇ ಕಳ್ಳರ ಸೆರೆಯಲ್ಲಿ ಬದುಕಿದ್ದಾನೆಂದು ಅರಿಯದವಳು. ಇಷ್ಟು ನೋವು ತುಂಬಿದ ಪಾತ್ರ ಕೈಯಲ್ಲಿದ್ದೂ ಕಥೆ ಮತ್ತೆ ಮತ್ತೆ ಹರ್ಮ್ಯಾಕ್ ಬಳಿಗೇ ಹೋಗುತ್ತದೆ. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲಿ.

ಧ್ವನಿಯೊಂದೇ ಸಾಕೆಂಬ ಮಾತೂ ಎಲ್ಲಕ್ಕೂ ಒಪ್ಪುವುದಿಲ್ಲ. ಕಳೆದುಹೋದ ಬೇರೆ ಅನೇಕ ಕಂತುಗಳಿಗೆ ಜಾನ್ ಕ್ಯೂರಾ ಟೀವಿ ಪರದೆಯಿಂದಲೇ ತೆಗೆದ ಸ್ಥಿರಚಿತ್ರಗಳಿವೆ. ಈ ಕಥೆಗೆ ಅವೂ ಇಲ್ಲ. ದನಿಗಳ ನಡುವೆ ಯಾರು ಯಾವ ನೌಕೆಯಲ್ಲಿದ್ದಾರೆ ಎಂದು ಹಿಡಿಯುವುದೇ ಕಷ್ಟ.

ಹೋಮ್ಸ್ ಅವರ ಗೌರವಕ್ಕಾಗಿ ನೋಡಬೇಕೆಂದರೆ ‘ದಿ ಆರ್ಕ್ ಇನ್ ಸ್ಪೇಸ್’ ಇದೆ, 1984ರ ‘ದಿ ಕೇವ್ಸ್ ಆಫ್ ಆಂಡ್ರೊಜಾನಿ’ ಇದೆ. ಲೋಭಿ ಉದ್ಯಮಿ, ಬಂದೂಕು ಹಿಡಿದ ಕಳ್ಳಸಾಗಣೆದಾರರು, ಅಪರೂಪದ ವಸ್ತುವಿಗಾಗಿ ಕಾದಾಟ, ಎಲ್ಲವೂ ಅಲ್ಲಿ ಮತ್ತೆ ಬರುತ್ತವೆ, ನಾಲ್ಕೇ ಕಂತುಗಳಲ್ಲಿ, ಉಸಿರು ಬಿಗಿಹಿಡಿದು ನೋಡುವಂತೆ. ಎರಡನೆಯ ಕಂತನ್ನು ಬೇಕಿದ್ದರೆ ನೋಡಿ, ಆ ನೌಕೆಗಳಿಗಾಗಿ. ಆಮೇಲೆ ನೇರವಾಗಿ ಏಪ್ರಿಲ್ 19ಕ್ಕೆ ಶುರುವಾದ ‘ದಿ ವಾರ್ ಗೇಮ್ಸ್’ಗೆ ಹೋಗಿ. ಅದರ ಹತ್ತೂ ಕಂತುಗಳು ಉಳಿದಿವೆ. ಡಾಕ್ಟರ್ ಯಾರ ಕಡೆಯವನು, ಯಾರಿಂದ ಓಡಿಬಂದವನು ಎಂದು ಆರು ವರ್ಷ ಕಾದ ಮೇಲೆ ತಿಳಿಯುವುದು ಅಲ್ಲಿ.