ಮಹಡಿ ಮೆಟ್ಟಿಲ ಕೆಳಗಿನ ಜಾಡಿ

ಏಪ್ರಿಲ್ ತಿಂಗಳ 23ನೆಯ ದಿನ ಇಂಗ್ಲೆಂಡಿನಲ್ಲಿ ಸಂತ ಜಾರ್ಜನ ಹಬ್ಬ. ಡ್ಯಾಂಡಿಲಿಯನ್ ಎಂಬ ಹಳದಿ ಹೂವನ್ನು ಮದಿರೆಗಾಗಿ ಬಿಡಿಸಬೇಕಾದುದು ಅಂದೇ ಎಂದು ಅಲ್ಲಿನ ಹಳ್ಳಿಗರ ಹಳೆಯ ನಂಬಿಕೆ. ತೋಟಗಾರನ ಕಣ್ಣಿಗೆ ಅದು ಹುಲ್ಲುಹಾಸನ್ನು ಕೆಡಿಸುವ ಬರಿಯ ಕಳೆ. ಆದರೆ ಮನೆಯಲ್ಲಿ ಮದಿರೆ ಮಾಡುವ ಹವ್ಯಾಸವುಳ್ಳವನು ಅದಕ್ಕಾಗಿ ಚಳಿಗಾಲವೆಲ್ಲ ಕಾದಿರುತ್ತಾನೆ. ಹಬ್ಬಕ್ಕೆ ಸಮೀಪದ ಶನಿವಾರ, ಬಿಸಿಲೇರಿ ಹೂಗಳು ಪೂರ್ತಿಯಾಗಿ ಅರಳಿದ ಮೇಲೆ, ಗಂಡ ಹೆಂಡತಿ ಮಕ್ಕಳೆಲ್ಲ ಬುಟ್ಟಿ ಹಿಡಿದು ಬೇಲಿಯ ಬದಿಯಲ್ಲಿ ಬಗ್ಗಿ ನಡೆಯುತ್ತಾರೆ. ಒಂದು ಗ್ಯಾಲನ್, ಎಂದರೆ ಸುಮಾರು ನಾಲ್ಕೂವರೆ ಲೀಟರ್, ಮದಿರೆಗೆ ಬುಟ್ಟಿ ತುಂಬ ಹೂ ಬೇಕು. ಮನೆಗೆ ಬಂದ ಮೇಲೆ ಹಸಿರು ಭಾಗವನ್ನೆಲ್ಲ ಕಿತ್ತು ಹಳದಿ ಎಸಳುಗಳನ್ನಷ್ಟೆ ಉಳಿಸಿಕೊಳ್ಳಬೇಕು. ಹಸಿರು ಸೇರಿದರೆ ಮದಿರೆ ಕಹಿಯಾಗುತ್ತದೆ. ತೊಟ್ಟಿನ ಹಾಲು ತಗುಲಿ ಬೆರಳುಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಮಕ್ಕಳ ಉತ್ಸಾಹ ಮೊದಲ ಅರ್ಧ ಗಂಟೆಯಲ್ಲಿಯೆ ತೀರುತ್ತದೆ. ಉಳಿದ ಎರಡು ಗಂಟೆಯ ಕೆಲಸ ಯಾರದೆಂಬುದನ್ನು ಆಯಾ ಮನೆಯವರೇ ಬಲ್ಲರು.

ಮದಿರೆ ಎಂದೊಡನೆ ದ್ರಾಕ್ಷಿಯನ್ನು ನೆನೆಯುವುದು ಬಿಸಿಲಿನ ದೇಶದವರ ಅಭ್ಯಾಸ. ಇಂದು ದಕ್ಷಿಣ ಇಂಗ್ಲೆಂಡಿನಲ್ಲಿ ದ್ರಾಕ್ಷಿಯ ತೋಟಗಳು ಹಬ್ಬಿವೆಯಾದರೂ, ಹಿಂದಿನ ಕಾಲದ ಆಂಗ್ಲ ಗೃಹಸ್ಥನಿಗೆ ಹಿತ್ತಿಲಲ್ಲಿ ಹಣ್ಣಾದ ದ್ರಾಕ್ಷಿ ದೊರೆಯುವುದು ಅಪರೂಪವಾಗಿತ್ತು. ಆದುದರಿಂದ ಕೈಗೆ ಸಿಕ್ಕಿದ ಸಸ್ಯವನ್ನೆಲ್ಲ ಅವನು ಜಾಡಿಗೆ ಇಳಿಸಿದನು. ಮೇ ಕಳೆದು ಜೂನ್ ಬಂದರೆ ಎಲ್ಡರ್ ಗಿಡದ ಬಿಳಿ ಹೂಗೊಂಚಲು. ಸೆಪ್ಟೆಂಬರಿನಲ್ಲಿ ಅದೇ ಗಿಡದ ಕಪ್ಪು ಹಣ್ಣು, ಜೊತೆಗೆ ಬೇಲಿಯ ಬ್ಲ್ಯಾಕ್‌ಬೆರಿ. ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದ ಅನಂತರ ಬ್ಲ್ಯಾಕ್‌ಬೆರಿಯನ್ನು ಕೀಳಬಾರದು, ಸೈತಾನನು ಅವುಗಳ ಮೇಲೆ ಉಗುಳಿರುತ್ತಾನೆ ಎಂದು ಅಜ್ಜಿಯರು ಹೆದರಿಸುತ್ತಿದ್ದರು. ಚಳಿಗಾಲದಲ್ಲಿ ಪಾರ್ಸ್ನಿಪ್ ಎಂಬ ಬಿಳಿಯ ಗೆಡ್ಡೆ. ಅದನ್ನು ಹಿಮ ಬಿದ್ದ ಮೇಲೆಯೇ ಅಗೆಯುವರು, ಏಕೆಂದರೆ ಚಳಿ ತಾಕಿದಾಗ ಗೆಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಓಕ್ ಮರದ ಎಲೆ, ಬಟಾಣಿಯ ಸಿಪ್ಪೆ, ಉಳಿದ ಚಹಾದ ಕಷಾಯ, ಇವೂ ಮದಿರೆಯಾದ ಉದಾಹರಣೆಗಳುಂಟು. ಭಾರತೀಯರು ಇದನ್ನು ಕೇಳಿ ನಗಬೇಕಾಗಿಲ್ಲ. ಚರಕಸಂಹಿತೆ 84 ಬಗೆಯ ಆಸವಗಳನ್ನು ಎಣಿಸಿದೆ. ಅವುಗಳಲ್ಲಿ ಹಣ್ಣಿನವು 26, ಮರದ ತಿರುಳಿನವು 20, ಬೇರಿನವು 11, ಹೂವಿನವು 10. ಎಲೆ ತೊಗಟೆಗಳನ್ನೂ ಆ ಮುನಿ ಬಿಟ್ಟಿಲ್ಲ.

ಹೂವಿನಲ್ಲಿ ಪರಿಮಳವಿದೆ, ಸಕ್ಕರೆ ಇಲ್ಲ. ಹೊರಗಿನಿಂದ ಸಕ್ಕರೆ ಸೇರದೆ ಇಂಥ ಮದಿರೆ ಹುಟ್ಟುವುದೇ ಇಲ್ಲ. ಗ್ಯಾಲನ್ನಿಗೆ ಸುಮಾರು 3 ಪೌಂಡ್, ಎಂದರೆ 1.36 ಕಿಲೋಗ್ರಾಂ ಸಕ್ಕರೆ ವಾಡಿಕೆ. ಕುದಿನೀರು ಸುರಿದು ನೆನೆಸಿಟ್ಟ ಹೂವನ್ನು ಸೋಸಿ, ಸಕ್ಕರೆ ಕರಗಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿದರೆ ಮನುಷ್ಯನ ಕೆಲಸ ಬಹುಮಟ್ಟಿಗೆ ಮುಗಿಯಿತು. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವುದರಲ್ಲಿ ಪಾತ್ರೆಯ ಅಂಚು ಮೀರುವುದು ಇಂಥ ಕಣ್ಣಿಗೆ ಕಾಣದ ಜೀವಿಗಳ ಚಟುವಟಿಕೆಯಿಂದಲೇ. ಯೀಸ್ಟ್ ಸಕ್ಕರೆಯನ್ನು ತಿಂದು, ತೂಕದಲ್ಲಿ ಹೆಚ್ಚು ಕಡಮೆ ಅರ್ಧವನ್ನು ಮದ್ಯಸಾರವಾಗಿಯೂ ಉಳಿದರ್ಧವನ್ನು ಇಂಗಾಲಾಮ್ಲ ವಾಯುವಾಗಿಯೂ ಮಾರ್ಪಡಿಸುತ್ತದೆ. ವಾಯು ಹೊರಕ್ಕೆ ಹೋಗಬೇಕು, ಹೊರಗಿನ ಗಾಳಿ ಒಳಕ್ಕೆ ಬರಬಾರದು. ಬಂದರೆ ಗಾಳಿಯನ್ನು ಬೇಡುವ ಇನ್ನೊಂದು ಜಾತಿಯ ಸೂಕ್ಷ್ಮಜೀವಿ ಮದಿರೆಯನ್ನು ವಿನಿಗರ್ ಮಾಡಿಬಿಡುತ್ತದೆ. ಇದಕ್ಕಾಗಿಯೇ ಡೆಮಿಜಾನ್ ಎಂಬ ಗಾಜಿನ ಜಾಡಿಯ ಬಾಯಿಗೆ ಏರ್‌ಲಾಕ್ ಎಂಬ ಬಾಗಿದ ಕೊಳವೆ. ಅದರ ಹೊಟ್ಟೆಯಲ್ಲಿ ಸ್ವಲ್ಪ ನೀರು. ಒಳಗಿನ ವಾಯು ಆ ನೀರನ್ನು ತಳ್ಳಿಕೊಂಡು ಗುಳುಕ್ ಗುಳುಕ್ ಎಂದು ಹೊರಬೀಳುತ್ತದೆ. ಮೊದಲ ವಾರ ಸದ್ದು ಎಡೆಬಿಡದೆ ಕೇಳಿಸುತ್ತದೆ. ಕ್ರಮೇಣ ನಿಮಿಷಕ್ಕೊಂದು, ಗಂಟೆಗೊಂದು. ರಾತ್ರಿ ಎಚ್ಚರವಾದಾಗ ಮಲಗಿದಲ್ಲಿಂದಲೇ ಆ ಸದ್ದಿಗೆ ಕಿವಿಗೊಟ್ಟು ಜಾಡಿಯ ಯೋಗಕ್ಷೇಮ ತಿಳಿಯುವ ಹವ್ಯಾಸಿಗಳಿದ್ದಾರೆ.

ಈ ವಿದ್ಯೆ ಮೊದಲಿಗೆ ಹವ್ಯಾಸವಾಗಿರಲಿಲ್ಲ, ಅಡುಗೆಮನೆಯ ಕೆಲಸವಾಗಿತ್ತು. ಹ್ಯಾನಾ ಗ್ಲಾಸ್ ಎಂಬ ಮಹಿಳೆ 1747ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪಾಕಶಾಸ್ತ್ರದಲ್ಲಿ ಎಲ್ಡರ್ ಹಣ್ಣಿನ ಮದಿರೆಗೂ ಕೌಸ್ಲಿಪ್ ಹೂವಿನ ಮದಿರೆಗೂ ವಿಧಾನಗಳಿವೆ. ಹಣ್ಣು ಹೇರಳವಾದಾಗ ಮುರಬ್ಬ ಮಾಡಿಟ್ಟ ಕೈಯೇ ಮದಿರೆಯನ್ನೂ ಮಾಡಿಡುತ್ತಿತ್ತು. ಹಳ್ಳಿಯ ಅಜ್ಜಿಗೆ ಅಳತೆಗೋಲು ಇರಲಿಲ್ಲ. ದೊಡ್ಡ ಮಣ್ಣಿನ ಜಾಡಿಗೆ ಬಟ್ಟೆ ಕಟ್ಟಿ, ಸುಟ್ಟ ರೊಟ್ಟಿಯ ತುಂಡಿಗೆ ಯೀಸ್ಟ್ ಸವರಿ ರಸದ ಮೇಲೆ ತೇಲಬಿಟ್ಟರೆ ಆಯಿತು. ಉಳಿದುದನ್ನು ಮೂಗು ನಾಲಗೆಗಳು ಹೇಳುತ್ತಿದ್ದವು. ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆಂದು ದ್ರಾಕ್ಷಿ, ಶುಂಠಿಗಳ ವೈನ್ ಮಾಡುವ ಪದ್ಧತಿ ಈ ಬಳ್ಳಿಯದೇ ಒಂದು ಕುಡಿ. ಅಲ್ಲಿಯೂ ಭರಣಿಯ ಯಜಮಾನಿಕೆ ಬಹುಮಟ್ಟಿಗೆ ಹೆಂಗಸರದು; ಅಳತೆ ತಾಯಿಯ ಬಾಯಿಂದ ಮಗಳ ಕಿವಿಗೆ.

ಇಂಗ್ಲೆಂಡಿನಲ್ಲಿ ಈ ಸರಪಣಿಯ ಕೊಂಡಿ ಸಡಿಲಿದುದು ಮಹಾಯುದ್ಧದಲ್ಲಿ. 1940ರ ಜನವರಿಯಲ್ಲಿ ಸಕ್ಕರೆಗೆ ಪಡಿತರ ಬಂದಿತು. ಬಿಗಿಯಾದ ದಿನಗಳಲ್ಲಿ ತಲೆಗೆ ವಾರಕ್ಕೆ 8 ಔನ್ಸ್. ಒಂದು ಗ್ಯಾಲನ್ ಮದಿರೆ ಮಾಡಬೇಕಾದರೆ ಒಬ್ಬರ ಆರು ವಾರದ ಸಕ್ಕರೆಯನ್ನು ಜಾಡಿಗೆ ಸುರಿಯಬೇಕು! ಮಕ್ಕಳ ಚಹಾಕ್ಕೆ ಸಕ್ಕರೆ ಸಾಲದ ಮನೆಯಲ್ಲಿ ಇಂಥ ಕೆಲಸಕ್ಕೆ ಯಾವ ತಾಯಿ ಕೈಹಾಕಿಯಾಳು? ಸಕ್ಕರೆ ಪಡಿತರದಿಂದ ಬಿಡುಗಡೆಯಾದುದು 1953ರ ಸೆಪ್ಟೆಂಬರ್ 27ರಂದು. ಹದಿಮೂರು ವರ್ಷಗಳಿಗೂ ಮೀರಿ ಎಷ್ಟೋ ಜಾಡಿಗಳು ಒಣಗಿ ನಿಂತಿದ್ದವು. ಅಷ್ಟರಲ್ಲಿ ಬಲ್ಲ ಮುದುಕಿಯರು ಹಲವರು ತೀರಿಕೊಂಡಿದ್ದರು. ಹುಡುಗಿಯರು ಕಲಿಯಬೇಕಾದ ವಯಸ್ಸಿನಲ್ಲಿ ಕಲಿಯದೆ ಬೆಳೆದಿದ್ದರು.

ಸಕ್ಕರೆ ಮರಳಿ ಬಂದಾಗ ಜಾಡಿಯ ಬಳಿಗೆ ಬಂದವರಲ್ಲಿ ಬಹುಮಂದಿ ಗಂಡಸರು. ವಾರಕ್ಕೆ ಎರಡು ದಿನ ಬಿಡುವು ಪಡೆದ ಗುಮಾಸ್ತ, ಉಪಾಧ್ಯಾಯ, ಕಾರ್ಖಾನೆಯ ಕುಶಲಿ. ಊರೂರುಗಳಲ್ಲಿ ಸಂಘಗಳು ಹುಟ್ಟಿದವು. ಹ್ಯಾಂಪ್‌ಶೈರಿನ ಆಂಡೋವರ್ ಎಂಬ ಸಣ್ಣ ಪಟ್ಟಣ ಈ ಚಳವಳಿಗೆ ರಾಜಧಾನಿಯಂತಾಯಿತು. ಅಲ್ಲಿನ ಪತ್ರಕರ್ತ ಸಿ. ಜೆ. ಜೆ. ಬೆರಿ ಹವ್ಯಾಸಿಗಳಿಗೆಂದೇ ಒಂದು ಮಾಸಪತ್ರಿಕೆ ತೆಗೆದನು. 1959ರಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ಆಂಡೋವರಿನಲ್ಲಿಯೆ ನಡೆಯಿತು. 1960ರಲ್ಲಿ ಹೊರಬಂದ ಅವನ ಪುಟ್ಟ ಕೈಪಿಡಿ ಲಕ್ಷಗಟ್ಟಲೆ ಮನೆಗಳನ್ನು ಸೇರಿತು. ತಾಯಿಂದ ಕಲಿಯಬೇಕಾಗಿದ್ದುದನ್ನು ಒಂದು ಪೀಳಿಗೆ ಪುಸ್ತಕದಿಂದ ಕಲಿಯಿತು.

ಪುಸ್ತಕದಿಂದ ಕಲಿತವನು ಅಡುಗೆಮನೆಗೆ ಪ್ರಯೋಗಶಾಲೆಯ ಶಿಸ್ತನ್ನು ತಂದನು. ಹೈಡ್ರೋಮೀಟರ್ ರಸದಲ್ಲಿ ತೇಲಿ ಮೊದಲು 1.090 ತೋರಿಸಿ, ಕಡೆಗೆ 1.000ರ ಸಮೀಪಕ್ಕೆ ಇಳಿದರೆ ಮದ್ಯಾಂಶ ಶೇಕಡ 12ರ ಸುತ್ತ ಇದೆಯೆಂದು ಅವನು ಲೆಕ್ಕ ಹಾಕಬಲ್ಲನು. ಪಾತ್ರೆಗಳನ್ನು ಶುದ್ಧಗೊಳಿಸಲು ಗಂಧಕದ ಲವಣದ ಗುಳಿಗೆ. ಅದು ರೂಢಿಗೆ ಬಂದ ಕ್ಯಾಂಪ್ಡನ್ ಎಂಬ ಊರಿನ ಹೆಸರೇ ಅದಕ್ಕೆ ನಿಂತಿದೆ. ಎಲ್ಲಕ್ಕಿಂತ ಮಿಗಿಲಾಗಿ ದಿನಚರಿಯ ಪುಸ್ತಕ: ಯಾವ ದಿನ, ಎಷ್ಟು ಹೂ, ಎಷ್ಟು ಸಕ್ಕರೆ, ಎಂದು ಸೋಸಿದ್ದು, ಎಂದು ತಿಳಿಯಾದದ್ದು. ಹೋದ ವರ್ಷದ ಮದಿರೆ ಚೆನ್ನಾಗಿ ಬಂದುದು ಏಕೆ ಎಂಬ ಪ್ರಶ್ನೆಗೆ ಅಜ್ಜಿಯ ಬಳಿ ಮುಗುಳ್ನಗೆ ಮಾತ್ರ ಇತ್ತು. ಇವನ ಬಳಿ ಪುಟಸಂಖ್ಯೆ ಇದೆ.

ಈ ಶಿಸ್ತನ್ನು ಹಾಸ್ಯಮಾಡುವವರು ಒಂದು ಹಳೆಯ ಕಥೆಯನ್ನು ತಿಳಿಯುವುದು ಒಳ್ಳೆಯದು. ಡೆವನ್ ಪ್ರಾಂತದಲ್ಲಿ ಸೇಬಿನ ರಸದ ಸೈಡರ್ ಕುಡಿದವರಿಗೆ ಕರುಳು ಹಿಂಡುವಂಥ ಶೂಲೆ ಬರುತ್ತಿತ್ತು. ಕೈಕಾಲು ಸೋತವರೂ ಇದ್ದರು. ಸೇಬಿನ ಹುಳಿಯೇ ಕಾರಣವೆಂದು ಜನ ನಂಬಿದ್ದರು. 1767ರಲ್ಲಿ ವೈದ್ಯ ಜಾರ್ಜ್ ಬೇಕರನು, ರಸ ಹಿಂಡುವ ಸಲಕರಣೆಗಳಲ್ಲಿದ್ದ ಸೀಸ ಹುಳಿಯಲ್ಲಿ ಕರಗಿ ವಿಷವಾಗುತ್ತಿದೆಯೆಂದು ತೋರಿಸಿಕೊಟ್ಟನು. ಸೀಸದ ಮೆರುಗು ಕೊಟ್ಟ ಹಳೆಯ ಮಣ್ಣಿನ ಜಾಡಿಗಳಲ್ಲಿಯೂ ಇದೇ ಅಪಾಯ. ಅಜ್ಜಿಯ ಅಟ್ಟದಲ್ಲಿ ದೊರೆತ ಜಾಡಿ ನೋಡಲು ಎಷ್ಟೇ ಚೆಂದವಿರಲಿ, ಅದರಲ್ಲಿ ಹಣ್ಣಿನ ರಸವನ್ನು ಹುದುಗಿಡಬೇಡಿರೆಂದು ಹವ್ಯಾಸಿಗಳ ಕೈಪಿಡಿಗಳು ಎಚ್ಚರಿಸುತ್ತವೆ. ಮೆರುಗಿನ ಗುಣ ತಿಳಿಯದ ಹಳೆಯ ಭರಣಿಯಲ್ಲಿ ಹುಣಸೆ, ನಿಂಬೆ, ಮಾವುಗಳ ಉಪ್ಪಿನಕಾಯಿ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ. ಹೂಗಳ ವಿಷಯದಲ್ಲಿಯೂ ಹಾಗೆಯೆ: ಫಾಕ್ಸ್‌ಗ್ಲವ್, ಲಬರ್ನಮ್ ಹೂಗಳು ಕಣ್ಣಿಗೆ ಹಬ್ಬ, ಹೊಟ್ಟೆಗೆ ವಿಷ.

ಗಾಜಿನ ಜಾಡಿಗೆ ಬೆಚ್ಚನೆಯ ಕತ್ತಲೆ ಬೇಕು. ಆಂಗ್ಲರ ಸಾಧಾರಣ ಮನೆಯಲ್ಲಿ ಅಂಥ ಸ್ಥಳ ಎರಡೇ: ಬಿಸಿನೀರಿನ ಹಂಡೆಯಿರುವ, ಒಗೆದ ಬಟ್ಟೆ ಒಣಗಿಸುವ ಕಪಾಟು, ಮಹಡಿ ಮೆಟ್ಟಿಲ ಕೆಳಗಿನ ಸಂದು. ಮೊದಲ ವರ್ಷ ಒಂದು ಜಾಡಿ ಮಡಿಸಿಟ್ಟ ಹಾಸಿಗೆಬಟ್ಟೆಗಳ ನಡುವೆ ವಿನಯದಿಂದ ಕುಳಿತಿರುತ್ತದೆ. ಮೂರನೆಯ ವರ್ಷಕ್ಕೆ ಹಾಸಿಗೆಬಟ್ಟೆಗಳೇ ಬೇರೆ ಜಾಗ ಹುಡುಕಬೇಕು. ಆಗ ಹವ್ಯಾಸಿ ಬಡಗಿಯಾಗುತ್ತಾನೆ. ಮೆಟ್ಟಿಲ ಕೆಳಗೆ ಹಲಗೆಗಳನ್ನು ಬಡಿಯುವುದು, ಸೀಸೆಗಳನ್ನು ಅಡ್ಡ ಮಲಗಿಸಲು ಗೂಡು ಕಟ್ಟುವುದು, ಹಳೆಯ ಯಂತ್ರದ ತಿರುಪಿನಿಂದ ಹಣ್ಣು ಹಿಂಡುವ ಒತ್ತುಮಣೆ ಮಾಡುವುದು, ಹೀಗೆ ಭಾನುವಾರಗಳು ಕಳೆಯುತ್ತವೆ. ಕಿಟಕಿಯ ಮುರಿದ ಚಿಲಕ ಮಾತ್ರ ಮುಂದಿನ ಭಾನುವಾರಕ್ಕೆ ಉಳಿದಿರುತ್ತದೆ.

ಗೃಹಿಣಿಯ ದೂರು ಕುಡಿತವನ್ನು ಕುರಿತದ್ದಾಗಿರುವುದು ವಿರಳ. ಎಲ್ಡರ್ ಹಣ್ಣಿನ ರಸ ಉಕ್ಕಿ ಮೇಜುಬಟ್ಟೆಗೆ ತಗುಲಿದ ಕಲೆ ಹೋಗುವುದಿಲ್ಲ. ಹುಳಿವಾಸನೆಗೆ ಹಣ್ಣುನೊಣಗಳು ಮುತ್ತುತ್ತವೆ. ಸಕ್ಕರೆ ಪೂರ್ತಿ ಕರಗುವ ಮುನ್ನವೇ ಅವಸರದಿಂದ ಸೀಸೆಗೆ ತುಂಬಿ ಬಿರಡೆ ಬಿಗಿದರೆ, ಒಳಗಿನ ಯೀಸ್ಟ್ ಬೇಸಗೆಯಲ್ಲಿ ಮತ್ತೆ ಎಚ್ಚತ್ತು, ನಡುರಾತ್ರಿ ಸೀಸೆಗಳು ಒಂದಾದ ಮೇಲೊಂದು ಸಿಡಿಯುತ್ತವೆ. ಗಾಜಿನ ಚೂರು ಕಣ್ಣಿಗೆ ಬೀಳುವ ಸಂಭವವಿರುವುದರಿಂದ ಇದು ಬರಿಯ ನಗೆಯ ಮಾತಲ್ಲ. ಬೆಳಗ್ಗೆ ನೆಲ ಒರೆಸುವವರು ಯಾರು? ಪ್ರಯೋಗ ನಡೆಸಿದವನು ತಾನೇ ಒರೆಸುವ ಮನೆಯಲ್ಲಿ ಹವ್ಯಾಸ ಬಾಳುತ್ತದೆ. ಅವಳ ಪಾಲಿಗೆ ಬಿಟ್ಟ ಮನೆಯಲ್ಲಿ ಜಾಡಿಗಳು ಒಂದು ದಿನ ಹೊರಗಿನ ಶೆಡ್ಡಿಗೆ ಹೋಗುತ್ತವೆ, ಚಳಿಗೆ ಯೀಸ್ಟ್ ಮಲಗುತ್ತದೆ. ಅವಳ ಅಜ್ಜಿ ಇದೇ ಕೆಲಸವನ್ನು ಪದಕವಿಲ್ಲದೆ, ಪತ್ರಿಕೆಯಿಲ್ಲದೆ, ಮಾಡಿ ತೊಳೆದು ಒರಸಿ ಇಟ್ಟಿದ್ದಳೆಂಬುದನ್ನು ನೆನಪಿಸಿದರೆ ಗಂಡನ ಬಳಿ ಉತ್ತರವಿರುವುದಿಲ್ಲ. ಆದರೆ ಆ ಅಜ್ಜಿಯ ಅಳತೆ ಏನೆಂದು ಕೇಳಿದರೆ ಅವಳ ಬಳಿಯೂ ಉತ್ತರವಿಲ್ಲ.

ಕಾನೂನು ಈ ಹವ್ಯಾಸಕ್ಕೆ ಒಂದು ಗೆರೆ ಎಳೆದಿದೆ. ಬ್ರಿಟನ್ನಿನಲ್ಲಿ ಮನೆಬಳಕೆಗೆ ಮದಿರೆ ಮಾಡಲು ಪರವಾನಗಿ ಬೇಡ. ಬಿಯರಿಗೆ ಬೇಕಾಗಿದ್ದ ಪರವಾನಗಿಯೂ 1963ರಲ್ಲಿ ರದ್ದಾಯಿತು. ಮಾರುವಂತಿಲ್ಲ, ಬಟ್ಟಿ ಇಳಿಸುವಂತಿಲ್ಲ. ಭಾರತದಲ್ಲಿ ಈ ವಿಷಯ ರಾಜ್ಯಗಳದು. ಕರ್ನಾಟಕದ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮಾದಕ ಪೇಯವನ್ನು ತಯಾರಿಸುವಂತಿಲ್ಲ. ಮಾರುವಂತಿಲ್ಲವೆಂಬ ನಿರ್ಬಂಧದಿಂದ ಆಂಗ್ಲ ಹವ್ಯಾಸಿಗೆ ನಷ್ಟವೇನೂ ಆದಂತಿಲ್ಲ. ಲಾಭದ ಬಾಗಿಲು ಮುಚ್ಚಿದ್ದರಿಂದ ಸೀಸೆಗಳು ನೆರೆಮನೆಗೆ, ಮದುವೆಗೆ, ಕ್ರಿಸ್‌ಮಸ್ಸಿಗೆ ಉಡುಗೊರೆಯಾಗಿ ಹೋಗುತ್ತವೆ. ನಾಲಗೆಗೆ ಹಿಡಿಸದಿದ್ದರೂ ನೆರೆಯವರು ಹೊಗಳಲೇಬೇಕಾದ ಸಂಕಟವೂ ಇದರೊಂದಿಗೆ ಹೋಗುತ್ತದೆ. ಆ ದಾಕ್ಷಿಣ್ಯವಿಲ್ಲದ ಸ್ಥಳವೆಂದರೆ ಸಂಘದ ಸ್ಪರ್ಧೆ. ತೀರ್ಪುಗಾರನು ಸೀಸೆಯನ್ನು ಬೆಳಕಿಗೆ ಹಿಡಿದು, ಮೂಸಿ, ಒಂದು ಗುಟುಕು ಬಾಯಲ್ಲಾಡಿಸಿ ಉಗುಳಿ, ಅಂಕ ಬರೆಯುತ್ತಾನೆ. ಕುಡಿಯುವುದು ಅವನ ಕೆಲಸವಲ್ಲ.

ಅಂಗಡಿಗಳಲ್ಲಿ ಅಗ್ಗದ ವೈನ್ ತುಂಬಿದ ಮೇಲೆ ಸಂಘಗಳ ಸಂಖ್ಯೆ ಇಳಿಯಿತು. ಡಬ್ಬಿಯಲ್ಲಿ ಬರುವ ದ್ರಾಕ್ಷಿಯ ಪಾಕಕ್ಕೆ ನೀರು ಬೆರೆಸಿ ಮೂರು ನಾಲ್ಕು ವಾರದಲ್ಲಿ ಮುಗಿಸುವವರು ಈಗ ಹಲವರು. ಬೇಲಿಯ ಬದಿಗೆ ಹೋಗುವ ಕೆಲಸವಿಲ್ಲ. ಹಳೆಯ ಹವ್ಯಾಸಿಗಳು ಇದನ್ನು ಒಪ್ಪುವುದಿಲ್ಲ. ಎಲ್ಡರ್ ಹಣ್ಣಿನ ಒಗರು ಇಳಿದು ನಯವಾಗಲು ವರ್ಷ, ಎರಡು ವರ್ಷ ಬೇಕು. ಮಾಡಿದವನು ಎಲ್ಲ ಸೀಸೆಗಳ ಕಾಲಕ್ಕೂ ಇರುತ್ತಾನೆಂಬ ನಿಶ್ಚಯವಿಲ್ಲ. ಮನೆ ಖಾಲಿಮಾಡಲು ಬಂದ ಮಕ್ಕಳಿಗೆ ಮಹಡಿ ಮೆಟ್ಟಿಲ ಕೆಳಗೆ ಧೂಳು ಹಿಡಿದ ಸಾಲು ಸಿಕ್ಕುತ್ತದೆ. ಒಂದೊಂದು ಸೀಸೆಯ ಕೊರಳಿನಲ್ಲಿಯೂ ತಂದೆಯ ಕೈಬರಹದ ಚೀಟಿ, ಹಣ್ಣಿನ ಹೆಸರು, ವರ್ಷ. ಪಕ್ಕದಲ್ಲಿಯೆ ದಿನಚರಿಯ ಪುಸ್ತಕ. ಮಗಳು ಅದರಲ್ಲಿ ಡ್ಯಾಂಡಿಲಿಯನ್ನಿನ ಪುಟವನ್ನು ಹುಡುಕುತ್ತಾಳೆ. ಎಸಳು ಬಿಡಿಸಲು ಹಿಡಿದ ಸಮಯ ಎರಡೂವರೆ ಗಂಟೆ ಎಂದು ಅಲ್ಲಿ ಬರೆದಿದೆ. ಬಿಡಿಸಿದವರ ಹೆಸರನ್ನು ಬರೆದಿಲ್ಲ. ಅವಳು ಪೆನ್ಸಿಲಿನಿಂದ ತಾಯಿಯ ಹೆಸರನ್ನು ಅಂಚಿನಲ್ಲಿ ಸೇರಿಸಿ, ಪುಸ್ತಕವನ್ನು ತನ್ನ ಕೈಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಸೀಸೆಗಳನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾರೆ.