ಉಸಿರು ಎಳ್ಕೊಳ್ಳಿ ಅನ್ನೋ ಮುಂಚೆ

ಜೂನ್ 21 ಹತ್ತಿರ ಬಂತು ಅಂದ್ರೆ ಕ್ಯಾಂಪಸ್‌ನಲ್ಲಿ ಯೋಗ ಗೊತ್ತಿರೋರಿಗೆಲ್ಲ ಡಿಮ್ಯಾಂಡ್. ಹಳ್ಳಿಗೆ, ಸ್ಲಮ್ಮಿಗೆ ಹೋಗಿ ಕಲಿಸಿ ಬನ್ನಿ ಅಂತಾರೆ. ಹೋಗೋದು ಒಳ್ಳೇದೇ. ನಾನು ಬಂಗಾರಪೇಟೆಯವಳು, ರಜೆಯಲ್ಲಿ ಕೆಜಿಎಫ್‌ನ ಲೈನ್ ಮನೆಗಳ ಹತ್ತಿರ ಯೋಗ ಕಲಿಸ್ತೀನಿ. ಆದ್ರೆ ಕಲಿಸೋರು ಮೊದಲು ತಮ್ಮ ಪ್ರಿವಿಲೇಜ್ ಏನು ಅಂತ ಲೆಕ್ಕ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯದ್ದೇ ಉದಾಹರಣೆ ಇದೆ. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಬಡತನ, ಮಲೇರಿಯಾ, ಕ್ಷಯ ಎಲ್ಲ ಕಂಡವರು. ಆದರೂ 1934ರಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗ ಕಲಿಸುತ್ತಿದ್ದ ಕೃಷ್ಣಮಾಚಾರ್ಯರ ಹತ್ತಿರ ಹೋಗೋಕೆ ಆಯ್ತು, ಯಾಕಂದ್ರೆ ಅವರು ಅಕ್ಕನ ಗಂಡ. ಅದೇ ಜಿಲ್ಲೆಯ ಗಣಿ ಲೈನ್‌ನ ದಲಿತ ಹುಡುಗನಿಗೆ ಅಂಥ ಭಾವ ಇರಲಿಲ್ಲ. ಅಯ್ಯಂಗಾರ್ ಶ್ರಮ ಇದರಿಂದ ಚಿಕ್ಕದಾಗಲ್ಲ. ಬಾಗಿಲು ಯಾರಿಗೆ ತೆರೆದಿತ್ತು ಅಂತ ಗೊತ್ತಾಗುತ್ತೆ ಅಷ್ಟೇ.

ಎರಡನೇದು, ಉಸಿರು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಶುರು ಮಾಡಿದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗಿಂತ ಆಳ. ಅಲ್ಲಿ ಕಲ್ಲು ಕೊರೆದವರ ಶ್ವಾಸಕೋಶದಲ್ಲಿ ಆ ಧೂಳು ಉಳಿದುಬಿಡುತ್ತೆ, ಅದೇ ಸಿಲಿಕೋಸಿಸ್. ಅದು ವಾಸಿಯಾಗೋ ಕಾಯಿಲೆ ಅಲ್ಲ. ಅಂಥ ತಾತನಿಗೆ ಪ್ರಾಣಾಯಾಮ ಮಾಡಿದ್ರೆ ಎಲ್ಲ ಸರಿ ಹೋಗುತ್ತೆ ಅಂದ್ರೆ ಸುಳ್ಳು ಹೇಳಿದ ಹಾಗೆ. ಉಸಿರು ಬಿಗಿ ಹಿಡೀರಿ ಅನ್ನೋದಂತೂ ಅಪಾಯ. ಇನ್ನು ಅವರ ಮಕ್ಕಳು, ಮೊಮ್ಮಕ್ಕಳು ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗೋ ಬೆಳಗಿನ ಟ್ರೈನ್ ಹಿಡೀಬೇಕು. ಅವರಿಗೆ ಕ್ಲಾಸಿಗೆ ಬರೋಕೆ ಆಗದಿದ್ರೆ ಅದನ್ನ ಶಿಸ್ತಿಲ್ಲ ಅನ್ನಬಾರದು. ಬೆಳಿಗ್ಗೆ ಒಂದು ಗಂಟೆ ಬಿಡುವು, ಮ್ಯಾಟ್ ಹಾಸೋಷ್ಟು ಜಾಗ, ಇವೇ ನಮ್ಮ ಪ್ರಿವಿಲೇಜ್.

ಮೂರನೇದು, ಗೌರವ. ಧ್ಯಾನ ಅನ್ನೋದನ್ನ ನಾವೇ ಮೊದಲು ತಗೊಂಡು ಹೋಗ್ತಿದೀವಿ ಅಂದ್ಕೋಬೇಡಿ. ಅಯೋತ್ತಿದಾಸ ಪಂಡಿತರ ಪ್ರಭಾವದಿಂದ ಮಾರಿಕುಪ್ಪಂನ ಕಾರ್ಮಿಕರು 20ನೇ ಶತಮಾನದ ಆರಂಭದಲ್ಲೇ ಬೌದ್ಧ ಸಂಘ ಕಟ್ಟಿದ್ದರು. ಅಂಬೇಡ್ಕರ್ ದೀಕ್ಷೆ ತಗೊಂಡ 1956ಕ್ಕೂ ಎಷ್ಟೋ ಮುಂಚೆ! ಅದೇ ಊರಲ್ಲಿ ಚರ್ಚ್, ಮಸೀದಿ, ಮಾರಿಯಮ್ಮನ ಗುಡಿ ಎಲ್ಲ ಇವೆ. ಹಾಗಾಗಿ ಓಂ ಹೇಳಿಸೋ ಮುಂಚೆ ಕೇಳಬೇಕು. ಬೇಡ ಅಂದೋರಿಗೆ ಸುಮ್ಮನೆ ಕೂತಿರೋ ಹಕ್ಕಿದೆ. ಹಾಗಂತ ಇದು ಬರೀ ಸ್ಟ್ರೆಚಿಂಗ್ ಅಂತ ಯೋಗದ ಮೂಲ ಮುಚ್ಚಿಡೋದೂ ಬೇಡ. ಎಲ್ಲಿಂದ ಬಂತು ಅಂತ ಹೇಳಿ, ಎಷ್ಟು ತಗೋಬೇಕು ಅನ್ನೋದು ಅವರಿಗೆ ಬಿಡಿ.

ಅಯ್ಯಂಗಾರ್ ಅವರಿಂದಲೇ ಒಂದು ವಿಷಯ ಕಲೀಬಹುದು. ಬಗ್ಗೋಕೆ ಆಗದವರಿಗೆ ಅವರು ಕುರ್ಚಿ, ಹಗ್ಗ, ಕಂಬಳಿ ಕೊಟ್ಟರು. ಅಂದ್ರೆ ಬದಲಾಗಿದ್ದು ಆಸನ, ಮನುಷ್ಯ ಅಲ್ಲ. ಈ ಸಲ ಕ್ಯಾಂಪಿಗೆ ಹೋಗೋರು ಬ್ಯಾನರ್ ಜೊತೆ ನಾಲ್ಕು ಪ್ಲಾಸ್ಟಿಕ್ ಕುರ್ಚಿಗೂ ವ್ಯವಸ್ಥೆ ಮಾಡಿ. ಎರಡು ಮಾತು ತಮಿಳು ಕಲೀರಿ. ಫೋಟೋ ತೆಗೆಯೋ ಮುಂಚೆ ಕೇಳಿ. ಮುಖ್ಯವಾಗಿ, ಮೊದಲ ದಿನ ಏನೂ ಕಲಿಸಬೇಡಿ. ಅವರು ಯಾವ ಶಾಫ್ಟ್‌ನಲ್ಲಿ, ಎಷ್ಟು ವರ್ಷ ಕೆಲಸ ಮಾಡಿದ್ರು ಅಂತ ಕೇಳಿ ಬನ್ನಿ.